ಬೋರಿಂಗಿನ ನೀರು ಕೇಳಿ ಕುಡಿಯುತ್ತಿದ್ದ ಅಕ್ಕೋರು

ವರ್ಷದ ಖಾರಕ್ಕೆಂದು ತಂದ ಮೆಣಸಿನಕಾಯಿಯನ್ನು ಮಾಳಿಗೆಯ ಮೇಲೆ ಹರವಿಕೊಂಡು ತೊಟ್ಟು ಮುರಿಯುತ್ತ ಕೂತಿದ್ದೆ. ಅತ್ತೆಯವರು ನೆರಳಿನಲ್ಲಿ ಕೂತು, ಮುರಿದದ್ದನ್ನು ಮೊರದಿಂದ ಚೀಲಕ್ಕೆ ತುಂಬುತ್ತಿದ್ದರು. ಅಷ್ಟರಲ್ಲಿ ನೀಲವ್ವನ ಫೋನು ಬಂತು. ನೀಲವ್ವ ನನ್ನ ಹೈಸ್ಕೂಲಿನ ಗೆಳತಿ, ಈಗ ಕುಷ್ಟಗಿಯಲ್ಲಿದ್ದಾಳೆ. ನನ್ನ ಕೈಯೆಲ್ಲ ಖಾರವಾಗಿತ್ತು. ಅತ್ತೆಯವರೇ ಫೋನೆತ್ತಿ ನನ್ನ ಕಿವಿಗೆ ಹಿಡಿದರು.

“ಈರಮ್ಮಾ, ಅಕ್ಕೋರು ಹೋದ್ರು ನೋಡವಾ. ನಸುಕಿನ್ಯಾಗ ಚಾ ಕುಡಿದು ಮತ್ತ ಮಲಗ್ಯಾರ, ಎದ್ದೇ ಇಲ್ಲ.”

ನಮ್ಮ ಭಾಗದಲ್ಲಿ ಶಾಲೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಅನ್ನುತ್ತಾರೆ. ಆದರೆ ನೀಲವ್ವನನ್ನು ‘ಯಾವ ಅಕ್ಕೋರು’ ಎಂದು ನಾನು ಕೇಳುವ ಅಗತ್ಯವಿರಲಿಲ್ಲ. ನಮ್ಮಿಬ್ಬರಿಗೂ ಅಕ್ಕೋರು ಅಂದರೆ ಒಬ್ಬರೇ.

“ನಾಳೆ ಹನ್ನೊಂದಕ್ಕ ಮಣ್ಣು ಮಾಡ್ತಾರ. ಬರ್ತಿಯಿಲ್ಲ?”

“ಬರ್ತೀನಿ.”

“ಬಂದು ಸುಮ್ಮನ ಅತ್ತು ಹೋಗಬ್ಯಾಡ. ಸೇಂಗಾ ಹೋಳಿಗಿ ಬಗ್ಗೆ ಪೇಪರಿಗೆ ಎರಡೆರಡು ಕಾಲಂ ಬರದು ಕಳಸಾಕಿ ನೀನು. ಅಕ್ಕೋರ ಬಗ್ಗೆ ನಾಕು ಸಾಲು ಬರಿ. ಅವರಿಗೆ ಯಾರೂ ಏನೂ ಬರೀಲಿಲ್ಲ.”

ಕಣ್ಣು ತುಂಬಿದರೆ ಒರೆಸಿಕೊಳ್ಳುವ ಹಾಗಿರಲಿಲ್ಲ. ಅತ್ತೆಯವರು ತಮ್ಮ ಸೆರಗಿನಿಂದ ಒರೆಸಿದರು. ಯಾರು, ಏನು ಎಂದು ಕೇಳಲಿಲ್ಲ. ಸೊಸೆಯ ಕಣ್ಣು ಒರೆಸುವ ಅತ್ತೆಯನ್ನು ಕೊಟ್ಟದ್ದಕ್ಕೆ ಹುಲಿಗೆಮ್ಮ ತಾಯಿಗೆ ಮನಸ್ಸಿನಲ್ಲೇ ಕೈ ಮುಗಿದು, ಉಳಿದ ತೊಟ್ಟು ಮುರಿದೆ. ಮುರಿಯುತ್ತ ಮುರಿಯುತ್ತ ಒಂದೊಂದೇ ನೆನಪಾಯಿತು.

ಕೊಪ್ಪಳ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಅದಕ್ಕೂ ಮೊದಲು ಸಣ್ಣ ಕಾಗದಕ್ಕೂ ರಾಯಚೂರಿಗೆ ಹೋಗಬೇಕಿತ್ತು. ಜಿಲ್ಲೆಯಾದ ಮರುವರ್ಷ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಆಗ ಅವರು ನಮ್ಮ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಬಂದರು. ಶಾಲೆ ಯಲಬುರ್ಗಾ ಕಡೆಯ ರಸ್ತೆಯ ಮೇಲಿತ್ತು, ನಮ್ಮೂರಿನಿಂದ ಅರ್ಧ ತಾಸಿನ ನಡಿಗೆ. ಅಕ್ಕೋರು ಕುಷ್ಟಗಿಯಿಂದ ಬಸ್ಸಿಗೆ ಬರುತ್ತಿದ್ದರು. ನಲವತ್ತರ ಆಸುಪಾಸಿನ ಸಪೂರ ಹೆಂಗಸು. ಬಸ್ಸಿಳಿಯುವಾಗಲೇ ದಣಿದಿರುತ್ತಿದ್ದರು. ಮನೆಯಲ್ಲಿ ಹಾಸಿಗೆ ಹಿಡಿದ ಮಾವನಿದ್ದ. ಆತನನ್ನು ತೊಳೆದು ಬಳಿದು, ಎರಡು ಹೊತ್ತಿನ ಅಡುಗೆ ಮುಗಿಸಿ ಬರಬೇಕು. ಮಧ್ಯಾಹ್ನ ಬುತ್ತಿ ಉಂಡು ಸ್ಟಾಫ್ ರೂಮಿನ ಮೇಜಿನ ಮೇಲೆ ತಲೆಯಿಟ್ಟು ಹತ್ತು ನಿಮಿಷ ಮಲಗುತ್ತಿದ್ದರು. ನಾವು ಹುಡುಗಿಯರು ಕಿಟಕಿಯಿಂದ ಇಣುಕಿ ನಗುತ್ತಿದ್ದೆವು. ಈಗ ನನಗೂ ಆ ವಯಸ್ಸಾಗಿದೆ. ಆ ಹತ್ತು ನಿಮಿಷ ಏನೆಂದು ಗೊತ್ತಾಗಿದೆ.

ಅವರ ಬಾಯಲ್ಲಿ ಒಂದು ಮಾತಿತ್ತು: “ಇನ್ನೊಮ್ಮಿ ನೋಡೂಣು.” ತಪ್ಪು ಉತ್ತರ ಹೇಳಿದರೂ ಅದೇ, ಸರಿ ಹೇಳಿದರೂ ಅದೇ. ಸರಿ ಹೇಳಿದ ಹುಡುಗಿ ತಾನು ತಪ್ಪೆಂದುಕೊಂಡು ಅಳುತ್ತಿದ್ದಳು. ಆಗ, “ತಪ್ಪು ಅಂದ್ನೇನವಾ? ಇನ್ನೊಮ್ಮಿ ನೋಡೂಣು ಅಂದೆ. ಖರೆ ಇದ್ದದ್ದು ಇನ್ನೊಮ್ಮಿ ನೋಡಿದ್ರ ಸವೀತೈತೇನು?” ಅನ್ನುತ್ತಿದ್ದರು. ಸಿಟ್ಟು ಬಂದಾಗ ಬೈಯುತ್ತಿರಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಆ ಒರೆಸುವುದು ಮುಗಿಯುವ ತನಕ ತರಗತಿಯೇ ಉಸಿರು ಹಿಡಿದು ಕೂತಿರುತ್ತಿತ್ತು.

ಅವರು ಬಂದು ಎರಡು ತಿಂಗಳಾಗಿರಬೇಕು. ಪಾಠದ ನಡುವೆ ಯಾರೋ ಏನೋ ಚೇಷ್ಟೆ ಮಾಡಿದರು, ನಾವೆಲ್ಲ ನಕ್ಕೆವು. ಅಕ್ಕೋರು ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು ನಮ್ಮನ್ನೇ ನೋಡುತ್ತ ನಿಂತರು.

“ನೀವು ಯಾಕವಾ ಎಲ್ಲಾರೂ ಬಾಯಿಗೆ ಕೈ ಅಡ್ಡ ಹಿಡಕೊಂಡು ನಗ್ತೀರಿ?”

ನಮಗೆ ಪ್ರಶ್ನೆಯೇ ತಿಳಿಯಲಿಲ್ಲ. ಹೆಣ್ಣುಮಕ್ಕಳು ನಗುವುದೇ ಹಾಗೆ ಎಂದುಕೊಂಡಿದ್ದೆವು. ನೀಲವ್ವ ಎದ್ದು ನಿಂತು, “ಮರ್ಯಾದಿ ರೀ ಅಕ್ಕೋರ,” ಅಂದಳು. “ಹುಡುಗರೂ ಹಂಗ ನಗ್ತಾರಲ್ಲ, ಅವರಿಗೂ ಮರ್ಯಾದೀನ?” ಅಂದರು. ನಮ್ಮೂರಿನ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ಹಳದಿ ಮಚ್ಚೆ. ಅದನ್ನು ನಾವು ಮುಚ್ಚಿಕೊಳ್ಳುತ್ತಿದ್ದೇವೆ ಎಂಬುದು ನಮಗೇ ಗೊತ್ತಿಲ್ಲದ ಹಾಗೆ ಕೈ ಮೇಲೇಳುತ್ತಿತ್ತು. ಅಂದು ಗೊತ್ತಾಯಿತು. ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು ನಕ್ಕು ನೋಡಿದೆ. ಹದಿನಾಲ್ಕು ವರ್ಷದವಳಿಗೆ ಅದು ಒಳ್ಳೆಯ ನೋಟವಾಗಿರಲಿಲ್ಲ.

ಹೊಸ ಜಿಲ್ಲೆಯ ಹುಮ್ಮಸ್ಸಿಗೆ ಆ ವರ್ಷ ಕೊಪ್ಪಳದಲ್ಲಿ ಹೈಸ್ಕೂಲು ಮಕ್ಕಳ ಸಂಶೋಧನೆಗಳ ಪ್ರದರ್ಶನ ಇಟ್ಟಿದ್ದರು. ಅಕ್ಕೋರು ನಮ್ಮಲ್ಲಿ ಐದು ಮಂದಿಯನ್ನು ಆರಿಸಿ, “ನಿಮ್ಮ ಹಲ್ಲು ಯಾಕ ಹಿಂಗಾಗ್ಯಾವ ಅಂತ ನೋಡೂಣು,” ಅಂದರು. ನೀರಿನಲ್ಲಿ ಫ್ಲೋರೈಡು ಅನ್ನುವುದು ಹೆಚ್ಚಿದ್ದರೆ ಮಕ್ಕಳ ಹಲ್ಲು ಕೆಡುತ್ತದೆ, ವರ್ಷಗಟ್ಟಲೆ ಕುಡಿದರೆ ಎಲುಬು ಬಿಗಿಯುತ್ತದೆ ಎಂದು ಮೊದಲು ಹೇಳಿದವರು ಅವರೇ. ನಮ್ಮೂರಿನಲ್ಲಿ ಬೋರಿಂಗ್ ಹಾಕಿ ಹದಿನಾಲ್ಕು ವರ್ಷವಾಗಿತ್ತು. ಕೈಪಂಪಿಗೆ ನಮ್ಮ ಕಡೆ ಬೋರಿಂಗ್ ಅಂತಲೇ ಅನ್ನುವುದು.

ಇದು ವಿಜ್ಞಾನದವರೊಬ್ಬರೇ ಮಾಡುವ ಕೆಲಸವಲ್ಲ ಎಂದು ಅಕ್ಕೋರು ಉಳಿದ ಮಾಸ್ತರುಗಳ ಬೆನ್ನು ಹತ್ತಿದರು. ಚಿತ್ರಕಲೆಯ ಮಾಸ್ತರರಿಗೆ ಊರಿನ ನಕ್ಷೆ, ಗಣಿತದವರಿಗೆ ಸರಾಸರಿ, ಸಮಾಜದವರಿಗೆ ಮನೆಮನೆಗೆ ಕೇಳುವ ಪ್ರಶ್ನೆಗಳ ಪಟ್ಟಿ. ಕನ್ನಡ ಮಾಸ್ತರರು ಮಾತ್ರ ತಕರಾರು ತೆಗೆದರು.

“ನೀರಾಗ ಕನ್ನಡದ್ದೇನು ಕೆಲಸ್ರೀ ಅಕ್ಕೋರ?”

“ನಾ ಬರದದ್ದು ನನಗಷ್ಟ ತಿಳಿತೈತ್ರಿ. ನೀವು ಬರದದ್ದು ಮಂದಿಗೆ ತಿಳಿತೈತಿ.”

ಮಾಸ್ತರರು ಆಮೇಲೆ ಎಲ್ಲರಿಗಿಂತ ಮೊದಲು ಬಂದು ಕೂಡುತ್ತಿದ್ದರು.

ಕುಷ್ಟಗಿಯ ದವಾಖಾನೆಯಿಂದ ಖಾಲಿ ಸಲೈನ್ ಬಾಟಲಿಗಳನ್ನು ಅಕ್ಕೋರು ಚೀಲದಲ್ಲಿ ತುಂಬಿಕೊಂಡು ತಂದರು. ಅವನ್ನು ತೊಳೆದು ತೊಳೆದು ನಮ್ಮ ಬೆರಳು ನೆಂದು ಸುಕ್ಕಾದವು. ಎಲ್ಲ ಸರಿಯಾಗಿ ಬಂದರೆ ಹನುಮಪ್ಪನಿಗೆ ಕಾಯಿ ಒಡೆಸುತ್ತೇನೆಂದು ನಾನು ಹರಕೆ ಹೊತ್ತೆ. ನೀಲವ್ವ ಚಾಡಿ ಹೇಳಿದಳು. ಅಕ್ಕೋರು, “ಒಡಸಲಿ ಬಿಡು, ಬ್ಯಾಡ ಅನ್ನೂದಿಲ್ಲ. ಬಾಟ್ಲಿ ತೊಳದ ಮ್ಯಾಲ ಒಡಸು,” ಅಂದರು. ಅವರು ದೇವರನ್ನು ಬಿಟ್ಟವರಲ್ಲ, ಹಣೆಗೆ ವಿಭೂತಿಯಿಲ್ಲದೆ ಒಂದು ದಿನ ನೋಡಿದ್ದಿಲ್ಲ. ಆದರೆ ದೇವರ ಮೇಲೆ ಭಾರ ಹಾಕುವ ಮೊದಲು ತಮ್ಮ ಕೆಲಸ ಮುಗಿಸುವವರು.

ಮೂವತ್ತಾರು ಮನೆ ಅಲೆದೆವು. “ನಿಮ್ಮನಿ ಕುಡಿಯೂ ನೀರು ಒಂದು ಬಾಟ್ಲಿ ಕೊಡ್ರಿ, ಅಕ್ಕೋರು ಕೇಳ್ಯಾರ,” ಅಂದೆವು. ಎಲ್ಲರೂ ಕೊಟ್ಟರು. ಒಬ್ಬ ಮುದುಕಿಯಂತೂ ಬಾಟಲಿಗೆ ಕುಂಕುಮ ಹಚ್ಚಿ ಕೊಟ್ಟಳು. ಅಕ್ಕೋರ ಪರಿಚಯದ ಎಂಜಿನಿಯರೊಬ್ಬರು ನೀರು ಪರೀಕ್ಷೆಯ ಪೆಟ್ಟಿಗೆಯನ್ನು ಎಂಟು ದಿನಕ್ಕೆಂದು ಕೊಟ್ಟಿದ್ದರು. ನೀರಿಗೆ ಅದರ ಔಷಧ ಹಾಕಿದಾಗ ಗುಲಾಬಿ ಬಣ್ಣ ಉಳಿದರೆ ನೀರು ಛಲೋ, ಹಳದಿಗೆ ತಿರುಗಿದರೆ ಕೆಟ್ಟದ್ದು. ಮೂವತ್ತಾರೂ ಗುಲಾಬಿ. ನಾವು ಕುಣಿದಾಡಿಬಿಟ್ಟೆವು. ನಮ್ಮೂರಿನ ನೀರು ಛಲೋ ಐತಿ! ಹನುಮಪ್ಪ ಕೈ ಬಿಡಲಿಲ್ಲ!

ಅಕ್ಕೋರು ಕನ್ನಡಕ ತೆಗೆದು ಒರೆಸತೊಡಗಿದರು.

“ನೀರು ಛಲೋ ಐತಿ, ಹಲ್ಲು ಕೆಟ್ಟಾವ. ಎರಡರಾಗ ಒಂದು ಸುಳ್ಳು ಹೇಳಾಕತ್ತೈತಿ. ಇನ್ನೊಮ್ಮಿ ನೋಡೂಣು.”

ಮುಂದಿನ ಭಾನುವಾರ, ಹೇಳದೆ ಕೇಳದೆ, ಅವರು ನಮ್ಮ ಮನೆಗೆ ಬಂದರು. ಅಡುಗೆಮನೆಯ ಹೊಸ್ತಿಲಲ್ಲೇ ಕೂತುಬಿಟ್ಟರು. ಅವ್ವ ಗಾಬರಿಯಾಗಿ ಬೆಳಗಿದ ಹಿತ್ತಾಳೆ ತಂಬಿಗೆಯಲ್ಲಿ ನೀರು ಕೊಟ್ಟಳು. ಅಕ್ಕೋರು ಕುಡಿದು, “ಭಾಳ ಸಿಹಿ ಐತ್ರಿ ನೀರು,” ಅಂದರು. ಅಷ್ಟರಲ್ಲಿ ಮೂರು ವರ್ಷದ ನನ್ನ ತಂಗಿ ಗೌರಿ ಆಡಿ ಬಂದು, “ಯವ್ವಾ, ನೀರು,” ಅಂದಳು. ಅವ್ವ ಇನ್ನೊಂದು ಕೊಡಕ್ಕೆ ಲೋಟ ಅದ್ದಿದಳು.

“ಅದು ಬ್ಯಾರೆ ಕೊಡ ಏನ್ರಿ?” ಅಕ್ಕೋರು ಕೇಳಿದರು.

“ಹೂಂನ್ರಿ. ಇದು ಬೋರಿಂಗಿಂದು, ನಮಗ. ಅದು ಹೊಲದ ಬಾವಿದು, ದೂರದಿಂದ ತರಬೇಕು. ದೇವರಿಗೆ, ಬ್ಯಾಳಿ ಬೇಸಾಕ, ಮತ್ತ ನಿಮ್ಮಂಥವರು ಬಂದ್ರ.”

“ಹುಡುಗ್ಯಾರು ಬಾಟ್ಲಿ ತಂದಾಗ ಯಾವುದು ಹಾಕಿಕೊಟ್ರಿ?”

ಅವ್ವನಿಗೆ ಅವಮಾನವಾದಂತಾಯಿತು. “ಸಾಲಿ ಅಕ್ಕೋರು ಕೇಳ್ಯಾರಂದ್ರ ಬೋರಿಂಗಿಂದು ಹಾಕಿಕೊಡ್ತೀವೇನ್ರಿ? ಅಷ್ಟೂ ತಿಳಿಯಂಗಿಲ್ಲೇನು ನಮಗ? ಛಲೋದನ ಕೊಟ್ಟೀವಿ. ಎಲ್ಲಾರೂ ಅದನ ಕೊಟ್ಟಾರ.”

ಮೂವತ್ತಾರು ಮನೆಯವರೂ ಮರ್ಯಾದೆಯ ಕೊಡದಿಂದಲೇ ಬಗ್ಗಿಸಿ ಕೊಟ್ಟಿದ್ದರು. ಅಕ್ಕೋರು ನನ್ನ ಕಡೆ ತಿರುಗಿ, “ನಿನಗ ಗೊತ್ತಿತ್ತಲ್ಲ ತಂಗಿ?” ಅಂದರು. ಗೊತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ಎರಡು ಕೊಡ. ಆದರೆ ಅದು ಹೇಳಬೇಕಾದ ಸಂಗತಿ ಎಂದು ಹೊಳೆದಿರಲೇ ಇಲ್ಲ. ಅವರು ಬೈಯಲಿಲ್ಲ. “ತಪ್ಪು ನಂದು. ನಿಮ್ಮನ್ನ ಕೇಳಾಕ ಕಳಸಿದೆ. ನೋಡಾಕ ಕಳಸಬೇಕಿತ್ತು,” ಅಂದರು.

ಮತ್ತೆ ಬಾಟಲಿ ತೊಳೆದೆವು. ಈ ಸಲ ನಾವೇ ಮನೆಯವರು ದಿನಾ ಕುಡಿಯುವ ಕೊಡಕ್ಕೆ ಕೈ ಹಾಕಿ ತುಂಬಿದೆವು. ಗುಲಾಬಿ ಒಂದೊಂದಾಗಿ ಹಳದಿಯಾಗುವುದನ್ನು ಐದೂ ಮಂದಿ ಉಸಿರು ಬಿಡದೆ ನೋಡಿದೆವು. ಚಿತ್ರಕಲೆಯ ಮಾಸ್ತರರು ನಕ್ಷೆಯಲ್ಲಿ ಮನೆಗಳಿಗೆ ಬಣ್ಣ ತುಂಬಿದರು. ಬೋರಿಂಗ್ ಬಂದ ಮೇಲೆ ಹಲ್ಲು ಮೂಡಿದವರಿಗೆಲ್ಲ ಕಲೆ, ಅದಕ್ಕೂ ಮೊದಲೇ ಬೆಳೆದವರ ಹಲ್ಲು ಬೆಳ್ಳಗೆ ಎಂದು ಗಣಿತದ ಮಾಸ್ತರರು ಲೆಕ್ಕ ಹಾಕಿ ತೋರಿಸಿದರು. ಅವ್ವನ ಹಲ್ಲು ಬೆಳ್ಳಗಿದ್ದವು. ಆದರೆ ಆಗಲೇ ಅವಳು ಕುತ್ತಿಗೆ ತಿರುಗಿಸುವ ಬದಲು ಮೈಯನ್ನೇ ತಿರುಗಿಸುತ್ತಿದ್ದಳು. ಅದನ್ನೂ ಅಕ್ಕೋರು ಬರೆದುಕೊಂಡರು. ದೊಡ್ಡ ಹಾಳೆಯ ನೆತ್ತಿಯ ಮೇಲೆ ಊರಿನ ಹೆಸರನ್ನು ಕೆಂಪು ಶಾಯಿಯಲ್ಲಿ ದಪ್ಪಗೆ ಬರೆಸಿದರು.

ಸುದ್ದಿ ಊರಿಗೆ ಬರಲು ಎಷ್ಟು ಹೊತ್ತು? ನಮ್ಮ ಅಪ್ಪ ಉಣ್ಣುತ್ತ ಕೂತವನು ತಾಟು ಸರಿಸಿದ.

“ಕಾರಟಗಿ ಕಡಿಂದ ಬೀಗರು ಬರಾವ್ರದಾರ ಸಾವಿತ್ರಿನ್ನ ನೋಡಾಕ. ಆ ಅಕ್ಕೋರಿಗೆ ಇದನ ವ್ಯಾಳ್ಯಾ ಸಿಕ್ತೇನು? ಕೊಪ್ಪಳದಾಗ ಹೆಸರು ಬರದು ತೂಗಬಿಟ್ರ, ಈ ಊರಿನ ಹೆಣ್ಣಿಗೆ ಹಲ್ಲು ನೆಟ್ಟಗಿಲ್ಲ, ನಾಳೆ ಟೊಂಕನೂ ಬಿಗೀತೈತಿ ಅಂತ ಜಿಲ್ಲಾಕ್ಕ ಡಂಗುರ ಹೊಡದಂಗ. ಇನ್ನ ನಮ್ಮೂರ ಹೆಣ್ಣು ಯಾರು ತಗೋತಾರ?”

ಊರಿನ ಹಿರಿಯರೂ ಹೆಡ್‌ಮಾಸ್ತರರ ಹತ್ತಿರ ಹೋಗಿ ಇದನ್ನೇ ಹೇಳಿ ಬಂದಿದ್ದರಂತೆ.

ಅಪ್ಪನ ಮಾತಿಗಿಂತ ನನ್ನನ್ನು ಹೆದರಿಸಿದ್ದು ಮರುದಿನ ಹಿತ್ತಲಲ್ಲಿ ಕಂಡದ್ದು. ಹತ್ತೊಂಬತ್ತು ವರ್ಷದ ನಮ್ಮ ಸಾವಿತ್ರಕ್ಕ ಹಳೆಯ ಇಟ್ಟಿಗೆ ಕುಟ್ಟಿ, ಆ ಇಟ್ಟಂಗಿ ಪುಡಿಯಿಂದ ಹಲ್ಲು ತಿಕ್ಕುತ್ತ ಕೂತಿದ್ದಳು. ಉಗುಳಿದ್ದರಲ್ಲಿ ರಕ್ತವಿತ್ತು. ನನ್ನನ್ನು ನೋಡಿ, “ಜರಾ ತಿಳಿ ಆಗ್ಯಾವೇನು ನೋಡು,” ಎಂದು ಹಲ್ಲು ಕಿರಿದಳು. ತಿಳಿಯಾಗಿರಲಿಲ್ಲ. “ಆಗ್ಯಾವ,” ಅಂದೆ.

ಅಂದು ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿಗೆ ಹೋದೆ. ಅಕ್ಕೋರು ಒಬ್ಬರೇ ಇದ್ದರು, ನಕ್ಷೆಯ ಅಂಚಿಗೆ ಬಟ್ಟೆಪಟ್ಟಿ ಅಂಟಿಸುತ್ತಿದ್ದರು.

“ಅಕ್ಕೋರ, ನಮ್ಮೂರ ಹೆಸರು ಹಾಕಬ್ಯಾಡ್ರಿ.”

“ಹಿರಿಯರು ಹೇಳಿ ಕಳಸ್ಯಾರೇನು?”

“ಇಲ್ರಿ. ನಾನ ಬಂದೀನಿ. ನಮ್ಮಕ್ಕನ ಲಗ್ನ ಆಗೂಮಟ ಅಷ್ಟ.”

“ಹಿರಿಯರಿಗೆ ಆಗಂಗಿಲ್ಲ ಅಂತ ಹೇಳಿ ಕಳಸೀನಿ ನಾನು.” ಅವರು ಗೋಂದು ಹತ್ತಿದ ಕೈಯನ್ನು ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದರು. “ಹೆಸರು ತಗದ್ರ ಇದು ಏನಾಕ್ಕೈತಿ ಗೊತ್ತೇನವಾ? ಬರೇ ಚಿತ್ರ ಆಕ್ಕೈತಿ. ಗ್ವಾಡಿಗೆ ಹಾಕೂ ಚಿತ್ರ.”

ನಾನು ಇಟ್ಟಂಗಿ ಪುಡಿಯ ಸಂಗತಿ ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ಅವರು ಕನ್ನಡಕ ತೆಗೆದರು, ಆದರೆ ಒರೆಸಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತರು. ಬಸ್ಸಿನ ಹೊತ್ತು ಮೀರುತ್ತಿತ್ತು. ಕೊನೆಗೆ ಒಂದು ಬಿಳಿ ಕಾಗದ ಉದ್ದಕ್ಕೆ ಕತ್ತರಿಸಿ, ಕೆಂಪು ಹೆಸರಿನ ಮೇಲೆ ಅಂಟಿಸಿ, ಅದರ ಮೇಲೆ ತಾವೇ ‘ಒಂದು ಹಳ್ಳಿ’ ಎಂದು ಬರೆದರು. ಬರೆದು, “ಮನಿಗೆ ಹೋಗು, ಕತ್ತಲಾಕ್ಕೈತಿ,” ಅಂದರು.

ಕೊಪ್ಪಳದ ಪ್ರದರ್ಶನದಲ್ಲಿ ನಮ್ಮ ನಕ್ಷೆಯ ಮುಂದೆ ಜನ ನಿಂತರು. ಎರಡು ಕೊಡದ ಕಥೆ ಹೇಳಿದಾಗ ಪರೀಕ್ಷಕರು ನಕ್ಕು ತಲೆದೂಗಿದರು. ಆಮೇಲೆ ಅವರಲ್ಲೊಬ್ಬರು, “ಯಾವ ಹಳ್ಳಿ?” ಅಂದರು. ನಾವು ಐದೂ ಮಂದಿ ಅಕ್ಕೋರ ಮುಖ ನೋಡಿದೆವು. “ಹೇಳಾಕ ಬರಂಗಿಲ್ರಿ,” ಅಂದರು ಅಕ್ಕೋರು. “ಹಂಗಾದ್ರ ಇದನ್ನ ನಾವು ಹೆಂಗ ನಂಬೂದು?” ಎಂದು ಪರೀಕ್ಷಕರು ಮುಂದಿನ ಮೇಜಿಗೆ ಹೋದರು.

ಅಷ್ಟೇ ಆಗಿದ್ದರೆ ಬಹುಮಾನ ಹೋಯಿತು ಎಂದುಕೊಂಡು ಮರೆಯಬಹುದಿತ್ತು. ಆದರೆ ನೀರಿನ ಕಚೇರಿಯ ಅಧಿಕಾರಿಯೊಬ್ಬರು ಹಿಂದೆ ಉಳಿದರು. ವಯಸ್ಸಾದ ಮನುಷ್ಯ. ನಕ್ಷೆಯನ್ನು ಬೆರಳಿಟ್ಟು ಓದಿದರು. “ಅಕ್ಕೋರ, ಹೊಳಿ ನೀರಿನ ಪೈಪು ಯಾವ ಊರಿಗೆ ಮೊದಲು ಒಯ್ಯಬೇಕು ಅಂತ ಪಟ್ಟಿ ಮಾಡಾಕತ್ತೀವಿ. ಹೆಸರು ಹೇಳ್ರಿ. ನಾನ ಬರದು ಕಳಸ್ತೀನಿ,” ಅಂದರು, ಕಿಸೆಯಿಂದ ಪೆನ್ನು ತೆಗೆದು.

ಅಕ್ಕೋರು ನನ್ನನ್ನು ನೋಡಿದರು. ನೋಡುತ್ತಲೇ ಇದ್ದರು. ನಾನು ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ನಾನು ನೆಲ ನೋಡಿದೆ. ಬೀಗರು ಮುಂದಿನ ಸೋಮವಾರ ಬರುವವರಿದ್ದರು.

“ಇನ್ನೊಮ್ಮಿ ಬಂದು ಹೇಳ್ತೀನ್ರಿ,” ಅಂದರು ಅಕ್ಕೋರು. ಆ ಮನುಷ್ಯ ಪೆನ್ನಿನ ಮುಚ್ಚಳ ಹಾಕಿ ಕಿಸೆಗಿಟ್ಟುಕೊಂಡರು. ಸಾವಿತ್ರಕ್ಕನ ಲಗ್ನವಾದ ಮೇಲೆ ಅಕ್ಕೋರು ಹೆಸರು ಬರೆದುಕೊಂಡು ಅವರ ಕಚೇರಿಗೆ ಹೋದರು, ಎರಡು ಸಲ. ಅಷ್ಟರಲ್ಲಿ ಆ ಅಧಿಕಾರಿ ನಿವೃತ್ತರಾಗಿದ್ದರು, ಪಟ್ಟಿ ಮುಗಿದಿತ್ತು. ಹೊಸಬರು, “ಅರ್ಜಿ ಕೊಟ್ಟು ಹೋಗ್ರಿ,” ಅಂದರಂತೆ. ಕೊಟ್ಟು ಬಂದರು.

ಪ್ರದರ್ಶನದಿಂದ ಮರಳಿದ ವಾರವೇ ಅವರ ಇನ್ನೊಂದು ಕೆಲಸ ಶುರುವಾಯಿತು. ಶಾಲೆ ಬಿಟ್ಟ ಮೇಲೆ ಒಂದು ಬಸ್ಸು ತಪ್ಪಿಸಿ, ನಮ್ಮೂರಿಗೆ ನಡೆದು ಬರುತ್ತಿದ್ದರು. ಯಾವುದಾದರೂ ಮನೆಯ ಕಟ್ಟೆಯ ಮೇಲೆ ಕೂತು, “ಕುಡಿಯಾಕ ನೀರು ಕೊಡ್ರಿ,” ಅನ್ನುವರು. ಹಿತ್ತಾಳೆ ತಂಬಿಗೆ ಬಂದರೆ ಮುಟ್ಟುತ್ತಿರಲಿಲ್ಲ.

“ನನಗ ಬೋರಿಂಗಿಂದು ಕೊಡ್ರಿ. ಇದನ್ನ ನಿಮ್ಮ ಕೂಸಿಗೆ ಕುಡಸ್ರಿ.”

“ಅಯ್ಯ, ಬಂದವರಿಗೆ ಅದನ ಹೆಂಗ ಕೊಡೂದ್ರಿ! ಏನಂದಾರು ಮಂದಿ!”

“ನಾ ಮುದುಕ್ಯಾಗಾಕ ಬಂದೀನ್ರಿ, ನನ್ನ ಹಲ್ಲು ಬಲತಾವ. ಕೂಸಿನ್ವು ಇನ್ನ ಮೂಡಬೇಕು.”

ಹೆಂಗಸರು ನಗುತ್ತಿದ್ದರು, ಬೈದುಕೊಳ್ಳುತ್ತಿದ್ದರು, ಹುಚ್ಚು ಅಕ್ಕೋರು ಎಂದು ಹೆಸರಿಟ್ಟರು. ನಮ್ಮ ಅವ್ವನಂತೂ ಮೊದಲ ಸಲ ಅಳುತ್ತಲೇ ಬೋರಿಂಗಿನ ಕೊಡದಿಂದ ಬಗ್ಗಿಸಿ ಕೊಟ್ಟಳು. ಮನೆಗೆ ಬಂದವರಿಗೆ ತನ್ನ ಕೈಯಾರೆ ಅವಮಾನ ಮಾಡಿದಂತೆ ಅವಳಿಗೆ. ಅಕ್ಕೋರು ತಂಬಿಗೆ ಎತ್ತಿ ಪೂರ್ತಿ ಕುಡಿದರು. ಗೌರಿಗೆ ಸಿಹಿ ನೀರು ಕುಡಿಸಿಯೇ ಎದ್ದರು. ಹೊಲದ ಬಾವಿ ಸಣ್ಣದು, ಊರಿಗೆಲ್ಲ ಸಾಲುವಂಥದ್ದಲ್ಲ. ಮಕ್ಕಳಿಗಷ್ಟು ಸಾಕಾಗುತ್ತಿತ್ತು. ಒಂದು ವರ್ಷ ಕಳೆಯುವಷ್ಟರಲ್ಲಿ ಬಹಳ ಮನೆಗಳಲ್ಲಿ ಕೊಡ ಅದಲುಬದಲಾದವು: ಸಿಹಿ ನೀರು ಕೂಸುಗಳಿಗೆ, ಬೋರಿಂಗಿನದು ಬಂದವರಿಗೆ. ನಮ್ಮೂರಿನ ಮರ್ಯಾದೆ ಕೆಟ್ಟಿತು ಎಂದು ಸುತ್ತಲಿನ ಬೀಗರು ಆಡಿಕೊಂಡರು. ಅಕ್ಕೋರು ನಾಲ್ಕು ವರ್ಷ ಹಾಗೆ ಮನೆಮನೆಯ ಬೋರಿಂಗಿನ ನೀರು ಕೇಳಿ ಕುಡಿದರು, ಬೇರೆ ಕಡೆ ವರ್ಗವಾಗುವ ತನಕ.

ಇನ್ನು ಸಾವಿತ್ರಕ್ಕನ ಸಂಗತಿ. ಸೋಮವಾರ ಬೀಗರು ಬಂದರು, ಒಪ್ಪಿದರು, ಲಗ್ನವಾಯಿತು. ಅವಳ ಚೊಚ್ಚಲ ಬಾಣಂತನಕ್ಕೆ ಅವಳ ಅತ್ತೆ ನಮ್ಮ ಮನೆಗೆ ಬಂದು ಕೂತಾಗ ಮಾತಿಗೆ ಮಾತು ಬಂದು, ಅವ್ವ ಹೆದರಿ ಹೆದರಿ ಹಲ್ಲಿನ ಮಾತು ತೆಗೆದಳು. ಆ ಹೆಂಗಸು ಬಾಯಿ ತುಂಬ ನಕ್ಕಳು.

“ನಿಮ್ಮೂರ ನೀರು ಹಂಗಂತ ನಮ್ಮ ಕಡೆ ಯಾರಿಗೆ ಗೊತ್ತಿಲ್ಲಬೇ? ನೋಡಾಕ ಬಂದ ದಿನ ನೋಡಿದ್ವಿ. ನಮಗ ನಾಟಿ ಹೊಲದಾಗ ಕೈ ಚುರುಕಿರಾಕಿ ಬೇಕಾಗಿತ್ತು. ಹಲ್ಲಿಲೆ ನಾಟಿ ಮಾಡ್ತಾರೇನು?”

ಅವ್ವನೂ ನಕ್ಕಳು. ನಾನು ಬಾಣಂತಿಯ ಬಟ್ಟೆ ಹಿಂಡುತ್ತಿದ್ದೆ. ಹಿಂಡಿದ್ದನ್ನೇ ಮತ್ತೆ ಮತ್ತೆ ಹಿಂಡಿದೆ. ಯಾರಿಂದ ಮುಚ್ಚಿಟ್ಟೆವೋ ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಉಳಿದದ್ದು ಪೆನ್ನು ಹಿಡಿದು ನಿಂತಿದ್ದ ಆ ಮನುಷ್ಯನಿಗೆ ಮಾತ್ರ.

ಹೊಳೆಯ ನೀರು ನಮ್ಮೂರಿಗೆ ಬರಲು ಮುಂದೆ ಹನ್ನೆರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಅವ್ವ ನೆಲಕ್ಕೆ ಕೂತರೆ ಇಬ್ಬರು ಹಿಡಿದು ಎಬ್ಬಿಸಬೇಕಿತ್ತು. ಈಗ ದೇವರ ಮುಂದೆ ತಲೆ ಬಾಗಿಸಲು ಆಗುವುದಿಲ್ಲ ಅವಳಿಗೆ. ನಿಂತೇ ಕೈ ಮುಗಿಯುತ್ತಾಳೆ. ಗೌರಿಯ ಹಲ್ಲು ಮಾತ್ರ ಬೆಳ್ಳಗೆ ಬಂದವು, ಅವಳ ಓರಗೆಯ ಬಹಳ ಮಕ್ಕಳವೂ. ಭಗವಂತ ಪೂರ್ತಿ ಕಿತ್ತುಕೊಳ್ಳಲಿಲ್ಲ.

ನಾನು ಗಂಗಾವತಿಗೆ ಮದುವೆಯಾಗಿ ಬಂದೆ, ಕಾಲುವೆಯ ನೀರಿನ ಊರಿಗೆ. ಐದಾರು ವರ್ಷದ ಹಿಂದೆ ಅವ್ವನನ್ನು ಕೊಪ್ಪಳದ ದವಾಖಾನೆಗೆ ಕರೆದೊಯ್ದಾಗ ಅಲ್ಲಿನ ಬೆಂಚಿನ ಮೇಲೆ ಅಕ್ಕೋರು ಕೂತಿದ್ದರು. ನಿವೃತ್ತರಾಗಿದ್ದರು. ಮೊಣಕಾಲಿಗೆ ಪಟ್ಟಿ ಕಟ್ಟಿದ್ದರು. “ಇದು ನಿಮ್ಮೂರ ನೀರಿಂದಲ್ಲವಾ, ಬಸ್ಸಿನ ಮೆಟ್ಟಲದ್ದು,” ಎಂದು ಮೊದಲೇ ಹೇಳಿದರು, ನಾನು ಕೇಳುವ ಮೊದಲೇ. ಅವ್ವನ ಕೈ ಹಿಡಿದು ಬಹಳ ಹೊತ್ತು ಕೂತರು. ಅವ್ವ ಕುತ್ತಿಗೆ ತಿರುಗಿಸಲಾರದೆ ಎದುರಿನ ಗೋಡೆಯನ್ನೇ ನೋಡುತ್ತ ಅವರೊಡನೆ ಮಾತಾಡಿದಳು. ಅದನ್ನು ನೋಡಿ ನನ್ನಿಂದ ತಡೆಯಲಾಗಲಿಲ್ಲ.

“ಅಕ್ಕೋರ, ಆವತ್ತು ನಾ ಹಂಗ ಕೇಳಬಾರದಿತ್ರಿ.”

ಸಮಾಧಾನ ಹೇಳುತ್ತಾರೆಂದುಕೊಂಡೆ. ಹೇಳಲಿಲ್ಲ.

“ಕೇಳಿದಾಕಿ ನೀನು. ಕಾಗದ ಅಂಟಿಸಿದಾಕಿ ನಾನು. ನಿನಗ ಹದಿನಾಕು ವರ್ಷ, ನನಗ ನಲವತ್ತು.” ಆಮೇಲೆ ಉಸಿರು ಬಿಟ್ಟು, “ಭಾಳ ಸಲ ಇನ್ನೊಮ್ಮಿ ನೋಡೀನವಾ ಅದನ್ನ. ಇಟ್ಟಂಗಿ ಪುಡಿ ಹುಡುಗಿನೂ ಕಾಣ್ತಾಳ, ನಿಮ್ಮವ್ವನೂ ಕಾಣ್ತಾಳ. ಯಾವುದು ಸರಿ ಅಂತ ಬಗೀ ಹರದಿಲ್ಲ,” ಅಂದರು. ನರ್ಸು ಅವರ ಹೆಸರು ಕೂಗಿದಳು. ಬೆಂಚಿಗೆ ಕೈಯೂರಿ ಎದ್ದು ಹೋದರು. ಅದೇ ಕೊನೆ.

ಮೆಣಸಿನಕಾಯಿ ಮುಗಿಸಿ, ಕೈ ತೊಳೆದು, ಎಣ್ಣೆ ಹಚ್ಚಿಕೊಂಡು ಸಾವಿತ್ರಕ್ಕನಿಗೆ ಫೋನು ಮಾಡಿದೆ. ಸುದ್ದಿ ಕೇಳಿ ಅವಳು ಅತ್ತಳು. ತನ್ನ ಲಗ್ನದಲ್ಲಿ ಅಕ್ಕೋರು ಬೋರಿಂಗಿನ ನೀರು ಕೇಳಿ ಪಂಕ್ತಿಯನ್ನೆಲ್ಲ ನಗಿಸಿದ್ದನ್ನು ನೆನೆಸಿ, ಅಳುತ್ತಲೇ ನಕ್ಕಳು.

“ಪೇಪರಿಗೆ ಬರೀಬೇಕಂತ ಮಾಡೀನಿ ಯಕ್ಕಾ,” ಅಂದೆ.

“ಬರಿ ಬರಿ. ಎಲ್ಲಾ ಬರಿ. ನನ್ನ ಹಲ್ಲಿಂದೂ ಬರಿ, ನನಗೇನೈತಿ ಈಗ.”

“ಊರ ಹೆಸರು ಹಾಕಿ ಬರೀಲಾ? ಅವಾಗ ಹಾಕಲಿಲ್ಲ. ಈಗರ ಹಾಕೂಣು.”

ಆ ಕಡೆ ಪಾತ್ರೆ ಕೆಳಗಿಟ್ಟ ಸದ್ದು ಕೇಳಿತು.

“ಈರಮ್ಮಾ,” ಅಂದಳು ಸಾವಿತ್ರಕ್ಕ, ದನಿ ತಗ್ಗಿಸಿ, “ಮಗಳಿಗೆ ನೋಡಾಕ ಬರಾವ್ರದಾರ ಬರೂ ವಾರ. ಈಗಿನ ಮಂದಿ ತಾಯಿ ತವರು ಯಾವೂರು ಅಂತನೂ ಕೇಳ್ತಾರ. ಈಕಿದೊಂದು ಮುಗೀಲಿ, ತಡಿ.”

ನೀರು ಬಂದು ವರ್ಷಗಳಾದವು, ನಿನ್ನ ಮಗಳು ಆ ನೀರು ಕುಡಿದೇ ಇಲ್ಲ ಎಂದು ಹೇಳಬಹುದಿತ್ತು. ಅವಳಿಗೂ ಅದು ಗೊತ್ತಿತ್ತು.

“ಆತು ಬಿಡಕ್ಕಾ,” ಅಂದೆ.

ನಾಳೆ ಕುಷ್ಟಗಿಗೆ ಹೋಗಬೇಕೆಂದರೆ ಮನೆಯವರಿಗೆ ಎರಡು ಹೊತ್ತಿನ ರೊಟ್ಟಿ ಇಂದೇ ಬಡಿದಿಡಬೇಕಿತ್ತು. ಜೋಳದ ಹಿಟ್ಟಿನ ಡಬ್ಬಿ ಇಳಿಸಿ, ಜರಡಿ ಹಿಡಿದು ಕೂತೆ.